ತಾತ್ಸಾರ, ಗೇಲಿ, ಸೆಡ್ಡು: ಇಂಗ್ಲಿಷಿನಲ್ಲಿ ಯಾವುದಕ್ಕೆ ಯಾವ ಪದ?

ಕೊಡಗಿನಲ್ಲಿ ಇಂಗ್ಲಿಷ್ ಬರೆಯುವ ಸಂದರ್ಭ ಎಲ್ಲರಿಗೂ ಬರುತ್ತದೆ. ಹೋಂಸ್ಟೇಗೆ ಬಂದುಹೋದವರು ಕಟುವಾಗಿ ಬರೆದ ರಿವ್ಯೂಗೆ ಉತ್ತರ ಕೊಡಬೇಕು. ಎಸ್ಟೇಟಿನಲ್ಲಿ ಕಾರ್ಮಿಕನಿಗೆ ನೋಟಿಸ್ ಬರೆಯಬೇಕು, ಇಲ್ಲವೇ ಆ ಕಾರ್ಮಿಕನ ಪರವಾಗಿ ಉತ್ತರ ಬರೆಯಬೇಕು. ಹಾಕಿ ಪಂದ್ಯದ ವರದಿಯನ್ನು ಇಂಗ್ಲಿಷ್ ಪತ್ರಿಕೆಗೆ ಕಳಿಸಬೇಕು. ಗೋಣಿಕೊಪ್ಪದಿಂದಲೋ ಸೋಮವಾರಪೇಟೆಯಿಂದಲೋ ಬೆಂಗಳೂರಿಗೆ ಕೆಲಸಕ್ಕೆ ಹೋದ ಮಕ್ಕಳು ಮೇಲಧಿಕಾರಿಗೆ ದೂರು ಬರೆಯಬೇಕು. ಇಂಥ ಬರಹಗಳ ಕರಡು ನೋಡಿಕೊಡುವ ಕೆಲಸ ನನ್ನದು. ಅವುಗಳಲ್ಲಿ ನಿಜವಾದ ಹಾನಿ ಮಾಡುವುದು ವ್ಯಾಕರಣದ ತಪ್ಪು ಎಂದು ನನಗನಿಸಿಲ್ಲ. ಯಾರೋ ಯಾರನ್ನೋ ಕೀಳಾಗಿ ಕಂಡರು, ಗೇಲಿ ಮಾಡಿದರು, ಎದುರು ನಿಂತರು ಎಂದು ಹೇಳುವ ಜಾಗದಲ್ಲಿ ಬೀಳುವ ಒಂದು ತಪ್ಪು ಪದ ಇಡೀ ಪತ್ರದ ನ್ಯಾಯವನ್ನೇ ಕೆಡಿಸುತ್ತದೆ.

ನಿಘಂಟು ತೆರೆದರೆ ಕಂಟೆಂಪ್ಟ್, ಸ್ಕಾರ್ನ್, ಡಿಸ್‌ಡೇನ್, ಡಿರಿಷನ್ ಎಲ್ಲಕ್ಕೂ 'ತಿರಸ್ಕಾರ' ಎಂದೇ ಇರುತ್ತದೆ. ಆದ್ದರಿಂದ ಅರ್ಥ ನೋಡಿ ಆರಿಸಲು ಹೋಗಬೇಡಿ. ಎರಡು ಪ್ರಶ್ನೆ ಕೇಳಿಕೊಳ್ಳಿ. ಮೊದಲನೆಯದು, ಅದು ಎಲ್ಲಿ ಕಾಣಿಸಿತು: ಮನಸ್ಸಿನಲ್ಲೋ, ಮುಖದಲ್ಲೋ, ಬಾಯಲ್ಲೋ, ಕೃತಿಯಲ್ಲೋ? ಎರಡನೆಯದು, ಅದನ್ನು ಮಾಡಿದವರು ಎಲ್ಲಿ ನಿಂತಿದ್ದರು: ಮೇಲೋ, ಸಮಕ್ಕೋ, ಕೆಳಗೋ? ಇಂಗ್ಲಿಷಿನ ಈ ಪದಗಳೆಲ್ಲ ಆಡುವವರ ನಿಲುವನ್ನು ಹೊತ್ತುಕೊಂಡೇ ಬರುತ್ತವೆ. ಒಂದೇ ಘಟನೆಯನ್ನು 'ಡಿಫೈಯನ್ಸ್' (ಸೆಡ್ಡು) ಎಂದು ಬರೆದವರೂ 'ಇನ್ಸೊಲೆನ್ಸ್' (ಉದ್ಧಟತನ) ಎಂದು ಬರೆದವರೂ ಒಂದೇ ಪಕ್ಷದವರಲ್ಲ.

ಮನಸ್ಸಿನಲ್ಲಿರುವುದು: ಕಂಟೆಂಪ್ಟ್, ಡಿಸ್‌ಡೇನ್, ಸ್ಕಾರ್ನ್

ಮೂರರಲ್ಲಿ ಹೆಚ್ಚು ಭಾರದ್ದು ಕಂಟೆಂಪ್ಟ್. ಎದುರಿನವರಿಗೆ ಬೆಲೆಯೇ ಇಲ್ಲ, ಅವರ ಮೇಲೆ ಸಿಟ್ಟು ಮಾಡಿಕೊಳ್ಳುವುದೂ ದಂಡ ಎನ್ನುವ ತೀರ್ಮಾನ ಅದರಲ್ಲಿದೆ. ಸಿಟ್ಟಿಗೆ ಇಳಿಯುವ ಗುಣ ಇದೆ, ಕಂಟೆಂಪ್ಟ್‌ಗೆ ಇಲ್ಲ. ದಾಂಪತ್ಯಗಳನ್ನು ದಶಕಗಟ್ಟಲೆ ಅಧ್ಯಯನ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್, ಸಂಸಾರ ಮುರಿಯುವ ಲಕ್ಷಣಗಳಾಗಿ ಆಕ್ಷೇಪಣೆ, ತಿರಸ್ಕಾರ, ಸಮರ್ಥನೆ, ಮೌನದ ಗೋಡೆ ಎಂಬ ನಾಲ್ಕನ್ನು ಗುರುತಿಸಿ, ಅವುಗಳಲ್ಲಿ ಅತಿ ಕೆಟ್ಟದ್ದು ಕಂಟೆಂಪ್ಟ್ ಎಂದರು. ಇಷ್ಟು ಭಾರದ ಪದವನ್ನು, ಫೋನ್ ಎತ್ತಲಿಲ್ಲ ಎಂಬ ದೂರಿಗೆ ಬಳಸಿದರೆ ಓದಿದವರು ದೂರನ್ನೇ ನಂಬುವುದಿಲ್ಲ. ಅಲ್ಲಿಗೆ 'ಇಂಡಿಫರೆನ್ಸ್' ಸಾಕು, ಅದು ನಮ್ಮ ಅಸಡ್ಡೆ. ಸ್ವಲ್ಪ ಖಾರ ಬೇಕಿದ್ದರೆ 'ಡಿಸ್‌ರಿಗಾರ್ಡ್' ಇದೆ, ಅದು ಕಡೆಗಣನೆ.

ಡಿಸ್‌ಡೇನ್ ತಣ್ಣಗಿರುತ್ತದೆ. 'ಯೋಗ್ಯವಲ್ಲ' ಎಂಬ ಅರ್ಥದ ಹಳೆಯ ಫ್ರೆಂಚ್ ಕ್ರಿಯಾಪದದಿಂದ ಬಂದ ಪದ. ದೂರ ಸರಿದು ನಿಲ್ಲುವುದು, ಮೂಗು ಮುರಿಯುವುದು, ಮುಟ್ಟದೆ ಹೋಗುವುದು ಇದರ ಲಕ್ಷಣ. ಊಟಕ್ಕೆ ಕೂತ ಅತಿಥಿ ಕಡಂಬುಟ್ಟನ್ನೂ ಬೈಂಬಳೆ ಕರಿಯನ್ನೂ ಒಂದು ತುತ್ತು ನೋಡದೆ ತಟ್ಟೆ ಸರಿಸಿದರೆ ಡಿಸ್‌ಡೇನ್. 'ಇದನ್ನೆಲ್ಲ ಮನುಷ್ಯರು ತಿನ್ನುತ್ತಾರಾ' ಎಂದು ಬಾಯಿಬಿಟ್ಟರೆ ಸ್ಕಾರ್ನ್. ಸ್ಕಾರ್ನ್‌ನಲ್ಲಿ ಬಿಸಿ ಇದೆ, ಅದು ಹೊರಗೆ ಚೆಲ್ಲುತ್ತದೆ. ಇಂಗ್ಲಿಷಿನವರೂ 'ಪೋರ್ ಸ್ಕಾರ್ನ್ ಆನ್' ಎಂದು ಸುರಿಯುವ ಕ್ರಿಯಾಪದವನ್ನೇ ಜೊತೆ ಮಾಡುತ್ತಾರೆ.

ಬೆರಕೆಯಾಗುವ ಒಂದು ಜೋಡಿಯ ಬಗ್ಗೆ ಎಚ್ಚರ ಬೇಕು. ಕಂಟೆಂಪ್ಚುಯಸ್ ಎಂದರೆ ತಿರಸ್ಕಾರ ತೋರಿಸುವವನು, ಕಂಟೆಂಪ್ಟಿಬಲ್ ಎಂದರೆ ತಿರಸ್ಕಾರಕ್ಕೆ ತಕ್ಕವನು. 'ಮ್ಯಾನೇಜರ್ ವಾಸ್ ಕಂಟೆಂಪ್ಟಿಬಲ್' ಎಂದು ಬರೆದರೆ ನೀವು ಅವರ ನಡತೆಯನ್ನು ವರ್ಣಿಸಿದಂತಾಗುವುದಿಲ್ಲ, ಅವರನ್ನೇ ನೀಚ ಎಂದು ಕರೆದಂತಾಗುತ್ತದೆ. ದೂರು ಕೊಡಲು ಹೋದವರು ನಿಂದಿಸಿದವರಾಗುತ್ತಾರೆ.

ಇದೇ ಪದಕ್ಕೆ ಸಂಬಂಧಿಸಿದ ಒಂದು ಸಂಗತಿ ಸೈನಿಕರ ಜಿಲ್ಲೆಯಾದ ನಮ್ಮಲ್ಲಿ ಹೇಳಲೇಬೇಕಾದದ್ದು. 1914ರ ಆಗಸ್ಟ್‌ನಲ್ಲಿ ಫ್ರಾನ್ಸಿನಲ್ಲಿ ಇಳಿದ ಬ್ರಿಟಿಷ್ ಪಡೆಯನ್ನು ಜರ್ಮನಿಯ ಚಕ್ರವರ್ತಿ ಎರಡನೆಯ ವಿಲ್‌ಹೆಲ್ಮ್ 'ಕಂಟೆಂಪ್ಟಿಬಲ್ ಲಿಟಲ್ ಆರ್ಮಿ' ಎಂದು ಜರೆದನೆಂಬ ಸುದ್ದಿ ಹಬ್ಬಿತು. ಅಂಥ ಆಜ್ಞೆಯ ಮೂಲಪ್ರತಿ ಯಾರಿಗೂ ಸಿಗಲಿಲ್ಲ. ಆದರೂ ಆ ಪಡೆಯಲ್ಲಿ ಕಾದಿ ಬದುಕಿ ಬಂದವರು ಆಮೇಲೆ ಜೀವನವಿಡೀ ತಮ್ಮನ್ನು 'ಓಲ್ಡ್ ಕಂಟೆಂಪ್ಟಿಬಲ್ಸ್' ಎಂದು ಹೆಮ್ಮೆಯಿಂದ ಕರೆದುಕೊಂಡರು. ವೈರಿಯ ತಿರಸ್ಕಾರವನ್ನು ಎದೆಯ ಮೇಲಿನ ಪದಕ ಮಾಡಿಕೊಂಡ ಈ ನಡೆ ಡಿಫೈಯನ್ಸ್‌ನ ಒಳ್ಳೆಯ ಉದಾಹರಣೆ. ಮತ ಕೇಳಿದ ಬ್ರಿಟಿಷ್ ಹೆಂಗಸರನ್ನು ಹೀಗಳೆಯಲು 1906ರಲ್ಲಿ ಪತ್ರಿಕೆಯೊಂದು ಕಟ್ಟಿದ 'ಸಫ್ರಜೆಟ್' ಎಂಬ ಪದವೂ ಹೀಗೆಯೇ ಅವರ ಸ್ವಂತ ಹೆಸರಾಯಿತು.

ನ್ಯಾಯಾಲಯದ ಕಂಟೆಂಪ್ಟ್ ಬೇರೆಯದೇ ವಸ್ತು

ವಂಶಪಾರಂಪರ್ಯ ಹಿಡುವಳಿಯಾದ ಜಮ್ಮಾ ಜಮೀನಿನ ತಕರಾರು, ದಾರಿಯ ತಕರಾರು, ಮರ ಕಡಿದ ತಕರಾರು ನಮ್ಮಲ್ಲಿ ಬೇಕಾದಷ್ಟಿವೆ. ಎದುರುಪಕ್ಷಕ್ಕೆ ಬರೆಯುವ ಪತ್ರದಲ್ಲಿ 'ಯು ಹ್ಯಾವ್ ಕಮಿಟೆಡ್ ಕಂಟೆಂಪ್ಟ್' ಎಂಬ ಸಾಲು ಸಲೀಸಾಗಿ ಬಂದುಬಿಡುತ್ತದೆ. ಇಲ್ಲಿ ಕಂಟೆಂಪ್ಟ್ ಎಂಬುದು ಭಾವನೆಯ ಹೆಸರಲ್ಲ, 1971ರ ನ್ಯಾಯಾಂಗ ನಿಂದನೆ ಕಾಯ್ದೆಯ ಪಾರಿಭಾಷಿಕ ಪದ. ನ್ಯಾಯಾಲಯದ ಆದೇಶವನ್ನೋ ಅಲ್ಲಿ ಕೊಟ್ಟ ಮುಚ್ಚಳಿಕೆಯನ್ನೋ ಉದ್ದೇಶಪೂರ್ವಕವಾಗಿ ಮುರಿದರೆ ಸಿವಿಲ್ ನಿಂದನೆ. ನ್ಯಾಯಾಲಯದ ಗೌರವಕ್ಕೆ ಧಕ್ಕೆ ತರುವ, ನ್ಯಾಯದಾನಕ್ಕೆ ಅಡ್ಡಿಪಡಿಸುವ ಪ್ರಕಟಣೆ ಅಥವಾ ಕೃತ್ಯ ಕ್ರಿಮಿನಲ್ ನಿಂದನೆ. ಆರು ತಿಂಗಳವರೆಗೆ ಸಾದಾ ಸಜೆ, 2000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಘಟನೆಯಾದ ಒಂದು ವರ್ಷದೊಳಗೆ ಕ್ರಮ ಶುರುವಾಗಬೇಕು. ನೆರೆಯವರು ನ್ಯಾಯಾಲಯಕ್ಕೆ ಮನಸ್ಸಿನಲ್ಲಿ ಎಷ್ಟು ಗೌರವ ಇಟ್ಟಿದ್ದಾರೆ ಎಂಬುದು ಇಲ್ಲಿ ಪ್ರಶ್ನೆಯೇ ಅಲ್ಲ. ಆದೇಶವೇ ಇಲ್ಲದ ಕಡೆ ಈ ಪದ ಬಳಸಿದರೆ ನಿಮ್ಮ ಪತ್ರ ಪೊಳ್ಳಾಗುತ್ತದೆ.

ಜೊತೆಗೆ ಬರುವ ಪ್ರೆಪೊಸಿಷನ್ ಕೂಡ ಬದಲಾಗುತ್ತದೆ. ವ್ಯಕ್ತಿಯ ಮೇಲಿನ ತಿರಸ್ಕಾರಕ್ಕೆ 'ಕಂಟೆಂಪ್ಟ್ ಫಾರ್', ನ್ಯಾಯಾಲಯಕ್ಕೆ 'ಕಂಟೆಂಪ್ಟ್ ಆಫ್ ಕೋರ್ಟ್'.

ಮುಖದಲ್ಲಿ ಕಾಣುವುದು: ಸ್ನಿಯರ್, ಸ್ಮರ್ಕ್

ಸ್ನಿಯರ್ ಎಂದರೆ ತುಟಿಯ ಒಂದು ಬದಿ ಮೇಲೇರುವುದು, ನಮ್ಮ ತುಟಿ ಕೊಂಕಿಸುವುದು. ಚಾರ್ಲ್ಸ್ ಡಾರ್ವಿನ್ 1872ರಲ್ಲಿ ಭಾವಗಳ ಅಭಿವ್ಯಕ್ತಿಯ ಬಗ್ಗೆ ಬರೆದಾಗ ಸ್ನಿಯರ್ ಮತ್ತು ಡಿಫೈಯನ್ಸ್ ಎರಡನ್ನೂ ಒಟ್ಟಿಗೇ ಚರ್ಚಿಸಿದ. ಎರಡರಲ್ಲೂ ಒಂದು ಬದಿಯ ಕೋರೆಹಲ್ಲು ಹೊರಗೆ ಕಾಣುತ್ತದೆ, ಜಗಳಕ್ಕೆ ನಿಂತ ನಾಯಿಯಲ್ಲಿ ಕಂಡಂತೆ, ಎಂಬುದು ಅವನ ಗಮನಿಕೆ. ಸ್ಮರ್ಕ್ ಬೇರೆ. ಅದು ತನ್ನ ಬಗ್ಗೆ ತಾನೇ ಮೆಚ್ಚಿಕೊಂಡ ಕಿರುನಗೆ. ಅದರಲ್ಲಿ ಎದುರಿನವರನ್ನು ಕೀಳಾಗಿ ಕಾಣುವುದಕ್ಕಿಂತ ತಾನು ಗೆದ್ದೆ ಎಂಬ ಭಾವ ಹೆಚ್ಚು.

ದೂರು ಬರೆಯುವವರಿಗೆ ಸ್ನಿಯರ್ ಉಪಯುಕ್ತ ಪದ, ಏಕೆಂದರೆ ಅದು ಕಣ್ಣಿಗೆ ಕಂಡದ್ದು. 'ಹಿ ಸ್ನಿಯರ್ಡ್ ಅಟ್ ಮೈ ಆಕ್ಸೆಂಟ್' ಎಂದರೆ ಸಾಕ್ಷಿ ಹೇಳಬಹುದಾದ ಮಾತು. 'ಹಿ ಹ್ಯಾಡ್ ಕಂಟೆಂಪ್ಟ್ ಫಾರ್ ಮಿ' ಎಂದರೆ ಅವನ ಮನಸ್ಸನ್ನು ಓದಿದ ಮಾತು, ಅದನ್ನು ಅವನು ಸುಲಭವಾಗಿ ಅಲ್ಲಗಳೆಯಬಹುದು.

ನಗೆಯಲ್ಲಿ ಬರುವುದು: ಟೀಸ್‌ನಿಂದ ಡಿರೈಡ್‌ವರೆಗೆ

ಈ ಗುಂಪಿನಲ್ಲಿ ಪದಗಳೂ ಹೆಚ್ಚು, ತಪ್ಪುಗಳೂ ಹೆಚ್ಚು. ತೀಕ್ಷ್ಣತೆಯ ಏಣಿಯ ಕೆಳಮೆಟ್ಟಿಲು ಟೀಸ್. ಅದು ಛೇಡಿಸುವುದು, ಸಲುಗೆ ಇರುವಲ್ಲಿ ಪ್ರೀತಿಯಿಂದಲೂ ಆಗಬಹುದು. ಮದುವೆ ಮನೆಯಲ್ಲಿ ಹುಡುಗನ ಕಡೆಯವರನ್ನು ಹುಡುಗಿಯ ಗೆಳತಿಯರು ಮಾಡುವುದು ಇದನ್ನೇ. ಅದಕ್ಕೇ 'ಈವ್ ಟೀಸಿಂಗ್' ಎಂಬ ನಮ್ಮ ದೇಶದ ಪದ ನನಗೆ ಒಪ್ಪಿಗೆಯಿಲ್ಲ. ಬಸ್ ನಿಲ್ದಾಣದಲ್ಲಿ ಹುಡುಗಿಯ ಬೆನ್ನು ಬಿದ್ದು ಅಸಭ್ಯವಾಗಿ ಮಾತಾಡುವುದನ್ನು ಅದು ತಮಾಷೆಯ ಮಟ್ಟಕ್ಕೆ ಇಳಿಸುತ್ತದೆ. ಪೊಲೀಸರಿಗೆ ಇಂಗ್ಲಿಷಿನಲ್ಲಿ ಬರೆಯುವಾಗ 'ಸೆಕ್ಷುಯಲ್ ಹರಾಸ್‌ಮೆಂಟ್' ಎಂದೇ ಬರೆಯಿರಿ. ಭಾರತೀಯ ನ್ಯಾಯ ಸಂಹಿತೆಯ 75ನೇ ಕಲಂ ಬಳಸುವ ಪದ ಅದು. ಮಾತು, ಸನ್ನೆಗಳಿಂದ ಹೆಣ್ಣಿನ ಘನತೆಗೆ ಕುಂದು ತರುವುದಕ್ಕೆ 79ನೇ ಕಲಂ ಇದೆ.

ಮಾಕ್ ಎಂದರೆ ಅಣಕಿಸುವುದು. ಅನುಕರಣೆ ಇದರ ಜೀವಾಳ. ಮಳೆಗಾಲಕ್ಕೆ ಮುಂಚೆ ಭೂಕುಸಿತ ಎದುರಿಸಲು ಮಾಡುವ ಮಾಕ್ ಡ್ರಿಲ್ ಅನ್ನು ನಾವು ಅಣಕು ಕಾರ್ಯಾಚರಣೆ ಎನ್ನುತ್ತೇವಲ್ಲ, ಎರಡೂ ಭಾಷೆಯಲ್ಲಿ ಒಂದೇ ಪದ ನಟನೆಗೂ ಹಂಗಿಸುವುದಕ್ಕೂ ಒದಗುತ್ತದೆ. ಯಾರದೋ ನಡಿಗೆ, ಉಚ್ಚಾರ, ತೊದಲು ಇವನ್ನು ನಟಿಸಿ ತೋರಿಸಿದರೆ ಮಾಕ್ ಸರಿಯಾದ ಪದ. ಇದರ ಮುಂದೆ 'ಅಟ್' ಹಾಕುವುದು ನಮ್ಮಲ್ಲಿ ಸಾಮಾನ್ಯ, ಇಂದಿನ ಬರಹದಲ್ಲಿ ಅದು ಬೇಡ. 'ದೇ ಮಾಕ್ಡ್ ಹಿಮ್' ಸಾಕು. ಸ್ಕಾಫ್, ಸ್ನಿಯರ್, ಲಾಫ್ ಇವಕ್ಕೆ ಮಾತ್ರ 'ಅಟ್' ಬೇಕು.

ರಿಡಿಕ್ಯೂಲ್ ಮತ್ತು ಡಿರೈಡ್ ಎರಡೂ ನಗು ಎಂಬ ಅರ್ಥದ ಒಂದೇ ಲ್ಯಾಟಿನ್ ಮೂಲದಿಂದ ಬಂದವು. ರಿಡಿಕ್ಯೂಲ್‌ಗೆ ಸಭೆ ಬೇಕು, ನಾಲ್ಕು ಜನರ ಮುಂದೆ ನಗೆಪಾಟಲು ಮಾಡುವುದು. ಡಿರೈಡ್ ಲಿಖಿತ ಭಾಷೆಯ ಪದ, ಬೆಲೆಯಿಲ್ಲವೆಂದು ನಕ್ಕು ತಳ್ಳಿಹಾಕುವುದು. ಯೋಜನೆ, ವರದಿ, ತೀರ್ಪು, ಭರವಸೆ ಇವಕ್ಕೆ ಒಪ್ಪುತ್ತದೆ. ಮನೆಮಾತಿನಲ್ಲಿ ಎರಡೂ ಬೇಡ, 'ಮೇಕ್ ಫನ್ ಆಫ್' ಎಂದರೆ ಎಲ್ಲರಿಗೂ ತಿಳಿಯುತ್ತದೆ.

ಈಗ ಕಷ್ಟದ ಪ್ರಶ್ನೆ. ದಕ್ಷಿಣ ಕೊಡಗಿನ ಕುಂಡೆ ಹಬ್ಬವನ್ನು ಇಂಗ್ಲಿಷಿನಲ್ಲಿ ಏನೆಂದು ಬರೆಯುವುದು? ಮೇ ತಿಂಗಳಲ್ಲಿ ಜೇನುಕುರುಬರು, ಬೆಟ್ಟಕುರುಬರು, ಯರವರು ಹೆಣ್ಣುವೇಷ, ಚಿತ್ರವಿಚಿತ್ರ ವೇಷ ತೊಟ್ಟು, ಸೋರೆಬುರುಡೆ, ಡಬ್ಬಿ ಬಡಿಯುತ್ತ ಪೇಟೆಗಳಲ್ಲಿ ಕಾಣಿಕೆ ಎತ್ತುತ್ತಾರೆ. ಎದುರು ಬಂದವರನ್ನು, ತೋಟದ ಧಣಿಯನ್ನು, ಕೊನೆಗೆ ದೇವರನ್ನೂ ಬಾಯಿಗೆ ಬಂದಂತೆ ಬೈಯುತ್ತಾರೆ. ಬೇಟೆಗೆಂದು ಕಾಡಿಗೆ ಕರೆದೊಯ್ದ ಅಯ್ಯಪ್ಪ ಭದ್ರಕಾಳಿಯ ಹಿಂದೆ ಹೋಗಿ ತಮ್ಮನ್ನು ನಡುವೆಯೇ ಕೈಬಿಟ್ಟ ಎಂಬುದು ಬೈಗುಳದ ಹಿಂದಿನ ಕಥೆ. ದೇವರಪುರದ ಗುಡಿಯಲ್ಲಿ ತಪ್ಪೊಪ್ಪಿಕೊಂಡು ಹಬ್ಬ ಮುಗಿಸುತ್ತಾರೆ.

ಪ್ರವಾಸಿಗರಿಗೆ ಬರೆಯುವವರು ಇದಕ್ಕೆ 'ರಿಚುಯಲ್ ಅಬ್ಯೂಸ್' ಎಂದು ಹಾಕಿಬಿಡುತ್ತಾರೆ. ದಯವಿಟ್ಟು ಹಾಕಬೇಡಿ. ಇಂದಿನ ಇಂಗ್ಲಿಷಿನಲ್ಲಿ ಆ ಜೋಡಿಪದಕ್ಕೆ ಮಕ್ಕಳ ಮೇಲೆ ನಡೆಯುವ ಕ್ರೌರ್ಯದ ಭಯಾನಕ ಅರ್ಥ ಅಂಟಿಕೊಂಡಿದೆ. ಕಂಟೆಂಪ್ಟ್, ಡಿರಿಷನ್ ಸಹ ತಪ್ಪು. ಬೈದವರು ನಿಂತಿದ್ದು ಕೆಳಗಿನ ಮೆಟ್ಟಿಲಲ್ಲಿ, ವರ್ಷವಿಡೀ ಬೈಸಿಕೊಳ್ಳುವ ಮೆಟ್ಟಿಲಲ್ಲಿ. ದೇವರ ಮೇಲಿನ ಅವರ ಮುನಿಸಿನಲ್ಲಿ ಸಲುಗೆ ಇದೆಯೇ ಹೊರತು ತಿರಸ್ಕಾರ ಇಲ್ಲ. ಮಾನವಶಾಸ್ತ್ರದವರು ಬಳಸುವ 'ರಿಚುಯಲ್ ಇನ್ಸಲ್ಟ್' ಒಪ್ಪುತ್ತದೆ. ಸಾಮಾನ್ಯ ಓದುಗರಿಗೆ 'ಫೆಸ್ಟಿವ್ ಮಾಕರಿ' ಇನ್ನೂ ಚೆನ್ನ. ಜೊತೆಗೆ ಆ ಒಂದು ದಿನ ಯಾರೂ ಬೇಸರ ಪಡುವುದಿಲ್ಲ ಎಂದು ಒಂದು ವಾಕ್ಯ ಸೇರಿಸಿ. ಒಂದು ಪದದಿಂದ ಇಡೀ ಸಮುದಾಯವನ್ನು ಒರಟರೆಂದು ತೋರಿಸುವ ಅಪಾಯ ಇಲ್ಲಿದೆ. ಹಾಗಾಗಿಯೇ ಇಷ್ಟು ಉದ್ದ ಹೇಳಿದೆ.

ಮೈದಾನದ ಪದಗಳು

ಕೊಡವ ಕುಟುಂಬಗಳ ನಡುವಿನ ಹಾಕಿ ಉತ್ಸವ 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರ ಮುಂದಾಳ್ತನದಲ್ಲಿ ಶುರುವಾಯಿತು. ಈಗ ಬೇಸಿಗೆ ಬಂತೆಂದರೆ ಗ್ಯಾಲರಿಯ ಗದ್ದಲವನ್ನು ಇಂಗ್ಲಿಷಿನಲ್ಲಿ ವರದಿ ಮಾಡುವ ಹುಡುಗರಿಗೆ ಕೆಲಸ. ಗುಂಪಾಗಿ ಕೂಗಿ ಹೀಯಾಳಿಸಿದರೆ ಜಿಯರ್. ಅದು ಗುಂಪಿನ ಪದ, ಅದರಲ್ಲಿ ದನಿ ಮುಖ್ಯ. ಮಾತಿಲ್ಲದೆ ಊಳಿಟ್ಟರೆ ಬೂ. ವೇದಿಕೆಯ ಮೇಲೆ ಮಾತಾಡುವವರ ನಡುವೆ ಬಾಯಿ ಹಾಕಿ ತಡೆದರೆ ಹೆಕ್ಲ್. ಇದು ಪಂದ್ಯಕ್ಕಿಂತ ಸಮಾರೋಪದ ಭಾಷಣಕ್ಕೆ ಒದಗುವ ಪದ. 'ಬ್ಯಾರಕ್' ಬಳಸುವ ಮುನ್ನ ಓದುಗರು ಯಾವ ದೇಶದವರು ನೋಡಿಕೊಳ್ಳಿ. ಬ್ರಿಟನ್ನಿನಲ್ಲಿ ಅದು ಕೂಗಿ ಹಂಗಿಸುವುದು, ಆಸ್ಟ್ರೇಲಿಯಾದಲ್ಲಿ 'ಬ್ಯಾರಕ್ ಫಾರ್' ಎಂದರೆ ಕೂಗಿ ಹುರಿದುಂಬಿಸುವುದು.

ಟಾಂಟ್ ಇವೆಲ್ಲಕ್ಕಿಂತ ಬೇರೆ, ನಮ್ಮ ಮೂದಲಿಕೆಗೆ ಇದಕ್ಕಿಂತ ಸಮೀಪದ ಇಂಗ್ಲಿಷ್ ಪದವಿಲ್ಲ. ಮೂದಲಿಸುವವರು ಒಬ್ಬರನ್ನೇ ಗುರಿ ಇಟ್ಟಿರುತ್ತಾರೆ, ಅವರಿಂದ ಏನೋ ಒಂದು ಪ್ರತಿಕ್ರಿಯೆ ಬೇಕಾಗಿರುತ್ತದೆ. ವೈಶಂಪಾಯನ ಸರೋವರದಲ್ಲಿ ಅಡಗಿದ್ದ ದುರ್ಯೋಧನನನ್ನು ಭೀಮ ಹೊರಗೆಳೆದದ್ದು ಮೂದಲಿಕೆಯಿಂದಲೇ. ಅಲ್ಲಿ ಕಂಟೆಂಪ್ಟ್ ಇದ್ದಿದ್ದರೆ 'ನೀರೊಳಗೇ ಕೊಳೆ' ಎಂದು ಬೆನ್ನು ತಿರುಗಿಸಿ ಹೋಗಬಹುದಿತ್ತು. ಎದುರಾಳಿ ಎದ್ದು ಬರಲಿ ಎಂಬ ಆಸೆ ಇರುವಲ್ಲಿ ಮಾತ್ರ ಟಾಂಟ್. ಎದುರಾಳಿ ತಂಡದ ಗೋಲ್‌ಕೀಪರನ್ನು ಹೆಸರು ಹಿಡಿದು ಕೆಣಕಿ ಗಮನ ತಪ್ಪಿಸಲು ನೋಡಿದರೆ ಅದೂ ಟಾಂಟ್. ಕ್ರಿಕೆಟ್ಟಿನವರು ಇದನ್ನೇ ಸ್ಲೆಡ್ಜಿಂಗ್ ಎನ್ನುತ್ತಾರೆ. ಹಾಕಿ ವರದಿಯಲ್ಲಿ ಆ ಪದ ಬಳಸಿದರೆ ಅರ್ಥವಾಗುತ್ತದೆ, ಆದರೆ ಟಾಂಟ್ ಇರುವಾಗ ಅಗತ್ಯವಿಲ್ಲ.

ಹೆಚ್ಚಿನ ವರದಿಗಳಲ್ಲಿ 'ಇನ್ಸಲ್ಟೆಡ್' ಎಂದು ಒಂದೇ ಪದ ಎಲ್ಲೆಡೆ ಬೀಳುತ್ತದೆ. ಪ್ರೇಕ್ಷಕರು ಜಿಯರ್ ಮಾಡಿದರೆ ಅದು ಆಟದ ಭಾಗ. ಇನ್ಸಲ್ಟ್ ಎಂದು ಬರೆದರೆ ಎರಡು ಮನೆತನಗಳ ನಡುವೆ ಮಾತು ಬೆಳೆಯುತ್ತದೆ.

ಸ್ಕಾಫ್ ಬಗ್ಗೆ ಎರಡೇ ಮಾತು. ಇದು ವ್ಯಕ್ತಿಗಿಂತ ಅಭಿಪ್ರಾಯದ ಮೇಲೆ ಬೀಳುವ ಪದ: 'ಅದೆಲ್ಲ ಆಗುವ ಮಾತಾ' ಎಂಬ ಉಡಾಫೆ. ನೆರಳು ಕಡಿದರೆ ಕಾಫಿ ಸೊರಗುತ್ತದೆ ಎಂಬ ಎಚ್ಚರಿಕೆಯನ್ನು ತಳ್ಳಿಹಾಕಿದವರು 'ಸ್ಕಾಫ್ಡ್ ಅಟ್ ದ ವಾರ್ನಿಂಗ್'. ಮಾತಿನಲ್ಲಿ 'ಪೂ-ಪೂ' ಎಂಬುದೂ ಕ್ರಿಯಾಪದವಾಗಿ ನಡೆಯುತ್ತದೆ.

ಎದುರು ನಿಲ್ಲುವುದು: ಡಿಫೈ, ಫ್ಲೌಟ್, ಸ್ಪರ್ನ್

ಡಿಫೈ ಎಂಬುದು ಹಳೆಯ ಫ್ರೆಂಚಿನಲ್ಲಿ ನಿಷ್ಠೆಯ ಮಾತನ್ನು ಹಿಂದಕ್ಕೆ ಪಡೆಯುವುದು. ಧಣಿಗೆ ಕೊಟ್ಟ ನಂಬಿಕೆ ಇವತ್ತಿಗೆ ಮುಗಿಯಿತು ಎಂದು ಎದುರಿಗೇ ಘೋಷಿಸುವುದು. ಈಗಲೂ ಆ ಬಹಿರಂಗತೆ ಪದದಲ್ಲಿ ಉಳಿದಿದೆ. ಕದ್ದು ಮುಚ್ಚಿ ಡಿಫೈ ಮಾಡಲಾಗದು. ಸೆಡ್ಡು ಹೊಡೆಯುವುದು, ತೊಡೆ ತಟ್ಟುವುದು, ಧಿಕ್ಕರಿಸುವುದು ಇದರ ನೆಂಟರು.

1834ರಲ್ಲಿ ಬ್ರಿಟಿಷರು ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ವಶಪಡಿಸಿಕೊಂಡರು. 1837ರ ಅಮರ ಸುಳ್ಯ ದಂಗೆಯಲ್ಲಿ ರೈತರು ಮಂಗಳೂರಿನವರೆಗೆ ನುಗ್ಗಿ ಬಾವುಟಗುಡ್ಡದಲ್ಲಿ ತಮ್ಮ ಧ್ವಜ ಏರಿಸಿದರು. ಅದೇ ವರ್ಷ ಅಕ್ಟೋಬರ್ 31ರಂದು ದಂಗೆಯ ಮುಂದಾಳು ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿ ಕೋಟೆಯ ಬಳಿ ಗಲ್ಲಿಗೇರಿಸಿದರು. ಇದನ್ನು ಇಂಗ್ಲಿಷಿನಲ್ಲಿ ಬರೆಯುವ ವಿದ್ಯಾರ್ಥಿಯ ಮುಂದೆ ಹಲವು ಪದಗಳಿವೆ. ಇನ್ಸೊಲೆನ್ಸ್, ಇಂಪ್ಯುಡೆನ್ಸ್ ಎಂಬವು ಮೇಲೆ ನಿಂತವನು ಕೆಳಗಿನವನ ಬಗ್ಗೆ ಬಳಸುವ ಪದಗಳು, ಅಂದರೆ ಉದ್ಧಟತನ, ಅಧಿಕಪ್ರಸಂಗ. ರೆಬೆಲಿಯನ್ ಆಡಳಿತದ ಕಡತದ ಪದ. ಡಿಫೈಯನ್ಸ್ ಮಾತ್ರ ಎದುರು ನಿಂತವನಿಗೂ ಘನತೆ ಇದೆ ಎಂದು ಒಪ್ಪಿಕೊಂಡ ಪದ. ಅಪ್ಪಯ್ಯ ಗೌಡರ ಬಗ್ಗೆ ಬರೆಯುವಾಗ ಅದನ್ನೇ ಬಳಸಬೇಕೆಂದು ನನ್ನ ಅಭಿಪ್ರಾಯ.

ಎಸ್ಟೇಟುಗಳ ನೋಟಿಸುಗಳಲ್ಲಿ 'ಇನ್ಸೊಲೆಂಟ್ ಬಿಹೇವಿಯರ್' ಎಂಬ ಸಾಲು ಈಗಲೂ ಕಾಣಸಿಗುತ್ತದೆ. ದೊರೆಗಳ ಕಾಲದ ದನಿ ಅದು, ಕಾನೂನಿಗೂ ಪ್ರಯೋಜನವಿಲ್ಲ. ಕೈಗಾರಿಕಾ ಉದ್ಯೋಗದ 1946ರ ಕೇಂದ್ರ ನಿಯಮಗಳಲ್ಲಿದ್ದ ಮಾದರಿ ಸ್ಥಾಯಿ ಆದೇಶಗಳಲ್ಲಿ, ಅಂದರೆ ಕೆಲಸದ ಜಾಗದ ಷರತ್ತು ಮತ್ತು ಶಿಸ್ತಿನ ನಿಯಮಗಳಲ್ಲಿ, ದುರ್ನಡತೆಯಾಗಿ ಪಟ್ಟಿಯಾಗಿದ್ದದ್ದು 'ವಿಲ್‌ಫುಲ್ ಇನ್‌ಸಬಾರ್ಡಿನೇಶನ್ ಆರ್ ಡಿಸ್‌ಒಬೀಡಿಯೆನ್ಸ್', ಅದೂ ಕಾನೂನುಬದ್ಧವಾದ, ನ್ಯಾಯವಾದ ಆದೇಶಕ್ಕೆ. ಯಾವ ಆದೇಶ, ಯಾವ ದಿನ, ಏನು ಮಾಡಲಿಲ್ಲ ಎಂದು ಬರೆದರೆ ಅದು ಆರೋಪ. 'ಇನ್ಸೊಲೆಂಟ್' ಎಂದು ಬರೆದರೆ ಬರೆದವರ ಸಿಟ್ಟು ಮಾತ್ರ ದಾಖಲಾಗುತ್ತದೆ. ಕಾರ್ಮಿಕರ ಪರವಾಗಿ ಉತ್ತರ ಬರೆಯುವವರು ಈ ವ್ಯತ್ಯಾಸವನ್ನು ಎತ್ತಿ ತೋರಿಸಬಹುದು.

ಫ್ಲೌಟ್ ಎಂದರೆ ನಿಯಮ ಗೊತ್ತಿದ್ದೂ ಕ್ಯಾರೇ ಎನ್ನದಿರುವುದು. ಡಿಫೈನಲ್ಲಿರುವ ಧೈರ್ಯ ಇದರಲ್ಲಿಲ್ಲ, ಸದರ ಮಾತ್ರ ಇದೆ. ಮಾಂದಲ್‌ಪಟ್ಟಿಯಲ್ಲಿ, ಅಬ್ಬಿ ಜಲಪಾತದ ದಾರಿಯಲ್ಲಿ ಪ್ಲಾಸ್ಟಿಕ್ ಎಸೆದು ಹೋಗುವವರಿಗೆ ಈ ಪದ. ನಿಯಮ ತಿಳಿಯದೆ ಮುರಿದವರಿಗೆ ಬಳಸಬೇಡಿ, ಅದಕ್ಕೆ 'ವಯೊಲೇಟ್' ಇದೆ. ತೋಟಕ್ಕೆ ಇಳಿದ ಕಾಡಾನೆ ಸೋಲಾರ್ ಬೇಲಿಯನ್ನು ಫ್ಲೌಟ್ ಮಾಡಲಾರದು, ಬೇಲಿಯ ನಿಯಮ ಅದಕ್ಕೆ ತಿಳಿದಿಲ್ಲ. ಅಟ್ಟಿದರೂ ಹೋಗದೆ ನಿಂತರೆ 'ಡಿಫೈಡ್ ಆಲ್ ಎಫರ್ಟ್ಸ್' ಎನ್ನಬಹುದು. ಡಿಫೈ ಪದ ಜಡವಸ್ತುಗಳಿಗೂ ಸಲ್ಲುತ್ತದೆ, 'ಡಿಫೈಸ್ ಡಿಸ್ಕ್ರಿಪ್ಶನ್' ಎಂದರೆ ವರ್ಣನೆಗೆ ನಿಲುಕದ್ದು.

ಫ್ಲೌಟ್‌ನ ಜೊತೆ ಸದಾ ಗೊಂದಲವಾಗುವ ಪದ ಫ್ಲಾಂಟ್, ಅಂದರೆ ಮೆರೆಸಿ ತೋರಿಸುವುದು. ಇಂಗ್ಲಿಷೇ ಮನೆಮಾತಾದವರೂ 'ಫ್ಲಾಂಟೆಡ್ ದ ರೂಲ್ಸ್' ಎಂದು ಬರೆಯುತ್ತಾರೆ, ನಾವು ಬರೆಯುವುದು ಬೇಡ. ಫ್ಲಾಂಟ್‌ನಲ್ಲಿ ಆಕ್ಷೇಪವೂ ಸೇರಿದೆ. ಕೈಲ್ ಪೊಳ್ದ್ ದಿನ ಕೋವಿ, ಒಡಿಕತ್ತಿಗೆ ಹೂವಿಟ್ಟು ಪೂಜಿಸಿ ತೆಗೆಸಿಕೊಂಡ ಚಿತ್ರಕ್ಕೆ 'ಫ್ಲಾಂಟಿಂಗ್ ದೇರ್ ಗನ್ಸ್' ಎಂದು ಅಡಿಬರಹ ಹಾಕಿದರೆ ಪೂಜೆ ಶೋಕಿಯಾಗಿಬಿಡುತ್ತದೆ. ಅಲ್ಲಿ 'ಡಿಸ್‌ಪ್ಲೇ' ಸರಿ, 'ವರ್ಶಿಪ್' ಇನ್ನೂ ಸರಿ.

ಇನ್ನು ನಿರಾಕರಣೆ. ಸ್ಪರ್ನ್ ಎಂದರೆ ಕಾಲಲ್ಲಿ ಒದ್ದಂತೆ ತಿರಸ್ಕರಿಸುವುದು, ಡಿಕ್ಲೈನ್ ಎಂದರೆ ಗೌರವದಿಂದ ಬೇಡವೆನ್ನುವುದು. 1965ರ ಯುದ್ಧದಲ್ಲಿ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮಗ, ವಾಯುಪಡೆಯ ಪೈಲಟ್, ಪಾಕಿಸ್ತಾನದಲ್ಲಿ ಸೆರೆಯಾದರು. ಒಂದು ಕಾಲದಲ್ಲಿ ಕಾರ್ಯಪ್ಪನವರ ಕೈಕೆಳಗೆ ಸೇವೆ ಸಲ್ಲಿಸಿದ್ದ ಅಯೂಬ್ ಖಾನ್ ಆಗ ಅಲ್ಲಿನ ಅಧ್ಯಕ್ಷರು. ಅವರಿಂದ ಬಂದ ವಿಶೇಷ ಉಪಚಾರದ ಮಾತನ್ನು ಕಾರ್ಯಪ್ಪನವರು ಒಪ್ಪಲಿಲ್ಲ, ಎಲ್ಲ ಯುದ್ಧಕೈದಿಗಳನ್ನೂ ಒಂದೇ ರೀತಿ ನೋಡಿಕೊಳ್ಳಬೇಕೆಂದರು. ಇದನ್ನು 'ಹಿ ಸ್ಪರ್ನ್ಡ್ ದ ಆಫರ್' ಎಂದು ಬರೆದವರಿದ್ದಾರೆ. ಆ ಉತ್ತರದಲ್ಲಿ ಸಿಟ್ಟಾಗಲಿ ಕೀಳು ಮಾಡುವ ಮಾತಾಗಲಿ ಇರಲಿಲ್ಲ. 'ಡಿಕ್ಲೈನ್ಡ್' ಎಂದರಷ್ಟೇ ಆ ಮನುಷ್ಯರಿಗೆ ನ್ಯಾಯ.

ಬಾಯಿಮಾತಿನ ಚಿಕ್ಕ ಪದಗಳು

'ವಾಟೆವರ್', 'ಸೋ ವಾಟ್', 'ಬಿಗ್ ಡೀಲ್', ಎಳೆದು ಹೇಳುವ 'ಯಾ, ರೈಟ್'. ಸಿನಿಮಾ, ಸರಣಿಗಳಿಂದ ಮಕ್ಕಳ ಬಾಯಿಗೆ ಬಂದ ಇವೆಲ್ಲ ನೋಡಲು ಹಗುರ. 'ಸೋ ವಾಟ್' ಸೆಡ್ಡು, ಜಗಳಕ್ಕೆ ಬಾಗಿಲು ತೆರೆಯುತ್ತದೆ. 'ವಾಟೆವರ್' ಬಾಗಿಲು ಮುಚ್ಚುತ್ತದೆ, ನಿನ್ನ ಮಾತು ಉತ್ತರಕ್ಕೂ ಯೋಗ್ಯವಲ್ಲ ಎನ್ನುತ್ತದೆ. ಹಾಗಾಗಿ ಈ ನಾಲ್ಕರಲ್ಲಿ ಹೆಚ್ಚು ನೋಯಿಸುವುದು ಅದೇ. ಕಚೇರಿಯ ಮೀಟಿಂಗಿನಲ್ಲಿ ಭಿನ್ನಾಭಿಪ್ರಾಯವಿದ್ದರೆ 'ಐ ಡಿಸಗ್ರೀ' ಎಂದು ನೇರವಾಗಿ ಹೇಳುವುದು ಕಡಿಮೆ ಅಪಾಯದ್ದು. ನಮ್ಮ ಮಕ್ಕಳು ಅದನ್ನು ಒರಟು ಎಂದುಕೊಂಡು 'ವಾಟೆವರ್' ಅನ್ನು ಮೆದು ಎಂದುಕೊಳ್ಳುತ್ತಾರೆ. ಇಂಗ್ಲಿಷಿನವರಿಗೆ ಇದು ಉಲ್ಟಾ.

ಪತ್ರಕ್ಕೆ ಬಂದಾಗ

ಜಾತಿಯ ಕಾರಣಕ್ಕೆ ಅವಮಾನವಾದ ದೂರಿನಲ್ಲಿ ಪದದ ಆಯ್ಕೆ ಅತಿ ಮುಖ್ಯ. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ 1989ರದು. ಅದು ಹೇಳುವುದು ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ, ಅವಮಾನಿಸುವ ಉದ್ದೇಶದಿಂದ, ಬೇಕೆಂದೇ ಮಾಡಿದ ಇನ್ಸಲ್ಟ್ ಅಥವಾ ಬೆದರಿಕೆಯ ಬಗ್ಗೆ. ತೋಟದ ಲೈನ್‌ಮನೆಯ ಯರವ ಹೆಂಗಸಿನ ಪರವಾಗಿ ಯಾರೋ ಓದಿದವರು 'ಶಿ ವಾಸ್ ಟೀಸ್ಡ್', 'ದೇ ಮೇಡ್ ಫನ್ ಆಫ್ ಹರ್' ಎಂದು ಮೆದುವಾಗಿ ಬರೆದರೆ ಘಟನೆಯ ತೀವ್ರತೆಯೇ ಮಾಯವಾಗುತ್ತದೆ. 'ಇನ್ಸಲ್ಟೆಡ್', 'ಹ್ಯುಮಿಲಿಯೇಟೆಡ್' ಎಂದು ಬರೆಯಿರಿ. ಅದರ ಜೊತೆಗೆ ಆಡಿದ ಮಾತನ್ನು ಆಡಿದ ಭಾಷೆಯಲ್ಲೇ, ಕನ್ನಡವೋ ಕೊಡವ ತಕ್ಕೋ ಅರೆಭಾಷೆಯೋ ಮಲಯಾಳವೋ, ಇದ್ದಂತೆ ಉದ್ಧರಿಸಿ. ಎಲ್ಲಿ ನಿಂತಿದ್ದರು, ಯಾರು ಕೇಳಿಸಿಕೊಂಡರು ಎಂಬುದೂ ಇರಲಿ.

ಜಾತಿಯ ವಿಷಯವಿಲ್ಲದ, ಜಗಳ ಎಬ್ಬಿಸಲೆಂದೇ ಮಾಡಿದ ಅವಮಾನಕ್ಕೆ ನ್ಯಾಯ ಸಂಹಿತೆಯ 352ನೇ ಕಲಂ ಇದೆ, ಹಿಂದೆ ಅದು ದಂಡ ಸಂಹಿತೆಯ 504 ಆಗಿತ್ತು. ಅಲ್ಲಿಯೂ ಕಾನೂನು ಬಳಸುವ ಪದ 'ಇಂಟೆನ್ಶನಲ್ ಇನ್ಸಲ್ಟ್'. ಸ್ಕಾರ್ನ್, ಡಿರಿಷನ್ ಮುಂತಾದ ಸಾಹಿತ್ಯದ ಪದಗಳು ಠಾಣೆಯಲ್ಲಿ ಕೆಲಸಕ್ಕೆ ಬಾರವು.

ಹೋಂಸ್ಟೇ ರಿವ್ಯೂಗೆ ಉತ್ತರಿಸುವವರ ಕರಡುಗಳಲ್ಲಿ ನಾನು ಮೊದಲು ಹೊಡೆದುಹಾಕುವ ಸಾಲು 'ವಿ ಟ್ರೀಟ್ ಯುವರ್ ರಿವ್ಯೂ ವಿತ್ ದ ಕಂಟೆಂಪ್ಟ್ ಇಟ್ ಡಿಸರ್ವ್ಸ್'. ಆಮೇಲೆ 'ಲಾಫೆಬಲ್', 'ರಿಡಿಕ್ಯುಲಸ್', 'ಪಥೆಟಿಕ್'. ಕನ್ನಡದಲ್ಲಿ ನಾವು ಪಥೆಟಿಕ್ ಅನ್ನು 'ಕರುಣಾಜನಕ' ಎಂದುಕೊಂಡು ಬಳಸುತ್ತೇವೆ, ಇಂದಿನ ಇಂಗ್ಲಿಷಿನಲ್ಲಿ ಅದು ನೇರ ಹೀಯಾಳಿಕೆ. ಅತಿಥಿ ಸುಳ್ಳು ಬರೆದಿದ್ದರೆ 'ದಿಸ್ ಈಸ್ ನಾಟ್ ಅಕ್ಯುರೇಟ್' ಎಂದು ಹೇಳಿ, ಆ ದಿನ ಆದದ್ದನ್ನು ಎರಡು ವಾಕ್ಯದಲ್ಲಿ ಬರೆಯಿರಿ. ಅವರು ಅಡುಗೆಯವರನ್ನು ಕೀಳಾಗಿ ಮಾತಾಡಿಸಿದ್ದರೆ ಅದನ್ನೂ ಬಿಡಬೇಡಿ: 'ಯು ಶೌಟೆಡ್ ಅಟ್ ಅವರ್ ಕುಕ್' ಎಂಬಂತೆ ನಡೆದದ್ದನ್ನು ಹೆಸರಿಸಿ, 'ಯು ಶೋಡ್ ಕಂಟೆಂಪ್ಟ್' ಬೇಡ. ಕ್ಷಮೆ ಕೇಳುವುದಿದ್ದರೆ ಯಾವುದಕ್ಕೆ ಎಂದು ಸ್ಪಷ್ಟವಾಗಿ ಕೇಳಿ: ಬಿಸಿನೀರು ಬರಲಿಲ್ಲ, ದಾರಿಯ ಕೆಸರಿನ ಬಗ್ಗೆ ಮೊದಲೇ ತಿಳಿಸಲಿಲ್ಲ. ಉತ್ತರವನ್ನು ಬರೆದ ರಾತ್ರಿಯೇ ಹಾಕದೆ ಬೆಳಿಗ್ಗೆ ಮನೆಯ ಇನ್ನೊಬ್ಬರಿಗೆ ಓದಿಹೇಳಿ, ಆಮೇಲೆ ಹಾಕಿ.